ರಾಸ್ಪ್‌ಬೆರಿ ಪೈಗೆ ಡೆಪ್ತ್ ಕ್ಯಾಮೆರಾ: ಕೆಲವೇ ನಿಮಿಷಕ್ಕೆ ಫ್ರೇಮ್ ನಿಲ್ಲುತ್ತಿದೆ, ಮೊದಲು ಏನು ನೋಡಬೇಕು?

ಚಕ್ರಪಾದ:

ನಾಲ್ಕು ಚಕ್ರದ ಪುಟ್ಟ ರೋಬೋಗೆ ಡೆಪ್ತ್ ಕ್ಯಾಮೆರಾ (ಪ್ರತಿ ಪಿಕ್ಸೆಲ್‌ನ ದೂರ ಅಳೆಯುವ ಕ್ಯಾಮೆರಾ) ಕೂರಿಸಬೇಕಿದೆ. ಸದ್ಯದ ಜೋಡಣೆ ಹೀಗಿದೆ.

ಬೋರ್ಡ್ ರಾಸ್ಪ್‌ಬೆರಿ ಪೈ 4 (ಅಂಗೈ ಗಾತ್ರದ ಕಂಪ್ಯೂಟರ್), 4 ಜಿಬಿ, ಆಪರೇಟಿಂಗ್ ಸಿಸ್ಟಮ್ 64 ಬಿಟ್ ಬುಕ್‌ವರ್ಮ್. ಬೂಟ್ ಆಗುವುದು ಯುಎಸ್‌ಬಿ ಎಸ್‌ಎಸ್‌ಡಿಯಿಂದ. ಕ್ಯಾಮೆರಾ ರಿಯಲ್‌ಸೆನ್ಸ್ ಡಿ435ಐ, ನೀಲಿ ಪೋರ್ಟ್‌ಗೆ 2 ಮೀಟರ್ ಕೇಬಲ್ (ಪೊಟ್ಟಣದ ಮೇಲೆ ಯುಎಸ್‌ಬಿ 3 ಎಂದಿದೆ). ಬ್ಯಾಟರಿಯಿಂದ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಮೂಲಕ 5 ವೋಲ್ಟ್, 3 ಆಂಪ್. ಮೋಟರ್‌ಗಳಿಗೂ ಅದೇ ಬ್ಯಾಟರಿ.

ಪೈಥಾನ್‌ನಲ್ಲಿ ಡೆಪ್ತ್ 1280×720, ಬಣ್ಣ 1280×720, ಎರಡೂ 30 ಫ್ರೇಮ್ ಕೇಳುತ್ತಿದ್ದೇನೆ. ಡೆಪ್ತನ್ನು ಬಣ್ಣಕ್ಕೆ ಅಲೈನ್ ಮಾಡಿ (ಎರಡೂ ಚಿತ್ರ ಒಂದರ ಮೇಲೊಂದು ಕೂರುವಂತೆ ಹೊಂದಿಸಿ), 3 ಮೀಟರ್ ಒಳಗಿನ ಅಡೆತಡೆ ಹುಡುಕಬೇಕು. ಸೆಕೆಂಡಿಗೆ 10 ಸಲ ಸಿಕ್ಕರೆ ಸಾಕು.

ತೊಂದರೆಗಳು: ಸಿಗುತ್ತಿರುವುದು ಸೆಕೆಂಡಿಗೆ 6-7 ಫ್ರೇಮ್. ಕೆಲವು ನಿಮಿಷವಾದ ಮೇಲೆ "ಫ್ರೇಮ್ ಡಿಡಂಟ್ ಅರೈವ್ ವಿತಿನ್ 5000" (5000 ಮಿಲಿಸೆಕೆಂಡ್ ಒಳಗೆ ಫ್ರೇಮ್ ಬರಲಿಲ್ಲ) ಎಂದು ನಿಂತುಬಿಡುತ್ತದೆ. ಕೆಲವು ಸಲ ಶುರುವಿನಲ್ಲೇ "ಕುಡಂಟ್ ರಿಸಾಲ್ವ್ ರಿಕ್ವೆಸ್ಟ್ಸ್" (ಕೇಳಿದ್ದನ್ನು ಕೊಡಲಾಗದು). ಕ್ಯಾಮೆರಾ ಓಡುವಾಗ ವೈಫೈ ಮೇಲಿನ ಎಸ್‌ಎಸ್‌ಎಚ್ (ದೂರದಿಂದ ಪೈಗೆ ಲಾಗಿನ್) ಕೂಡ ತಡವರಿಸುತ್ತದೆ. ಬೋರ್ಡ್ ಬದಲಿಸಬೇಕೇ, ಕ್ಯಾಮೆರಾ ಬದಲಿಸಬೇಕೇ?

---

ಬೆಸುಗೆಕೋಲು:

ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನೀವು ಬರೆದಿರೋದರಲ್ಲಿ ಒಂದಲ್ಲ, ಮೂರು ನಾಲ್ಕು ಬೇರೆ ಬೇರೆ ತೊಂದರೆ ಇವೆ. ಕರೆಂಟ್‌ನಿಂದ ಶುರು ಮಾಡಿ.

ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡೋದು ಒಟ್ಟು 1.2 ಆಂಪ್. ಪೋರ್ಟ್‌ಗೆ 1.2 ಅಲ್ಲ, ಎಲ್ಲಕ್ಕೂ ಸೇರಿ. ಡಿ435ಐ ತನ್ನ ಪ್ರೊಜೆಕ್ಟರ್ (ಇನ್‌ಫ್ರಾರೆಡ್ ಚುಕ್ಕೆ ಚೆಲ್ಲೋ ದೀಪ) ಆನ್ ಇದ್ದಾಗ 700 ಮಿಲಿಆಂಪ್‌ವರೆಗೆ ಎಳೆಯುತ್ತೆ ಅಂತ ಲೆಕ್ಕ ಇಟ್ಕೊಳ್ಳಿ. ಉಳಿದ 500ರಲ್ಲಿ ಎಸ್‌ಎಸ್‌ಡಿ ಬದುಕಬೇಕು. ಸುಮ್ಮನಿದ್ದಾಗ ಬದುಕುತ್ತೆ, ಲಾಗ್ ಬರೆಯೋಕೆ ಹೋದ ಕ್ಷಣ ಮಿತಿ ದಾಟುತ್ತೆ. "ಕೆಲವು ನಿಮಿಷ ಚೆನ್ನಾಗಿ ಓಡಿ ನಿಲ್ಲುತ್ತೆ" ಅನ್ನೋದಕ್ಕೆ ಇದಕ್ಕಿಂತ ಬೇರೆ ಕಾರಣ ಮೊದಲು ಹುಡುಕಬೇಕಿಲ್ಲ.

ಖಚಿತ ಮಾಡ್ಕೊಳ್ಳೋಕೆ ಪ್ರೋಗ್ರಾಂ ನಿಂತ ತಕ್ಷಣ, ರೀಬೂಟ್ ಮಾಡದೆ, "ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್" ಓಡಿಸಿ. 0ಎಕ್ಸ್0 ಬಂದರೆ ವೋಲ್ಟೇಜ್ ಬೋರ್ಡ್ ಮಟ್ಟದಲ್ಲಿ ಸರಿಯಿದೆ. 0ಎಕ್ಸ್50000 ಅಂದರೆ ಈಗ ಸರಿಯಿದೆ, ಆದರೆ ಬೂಟ್ ಆದಮೇಲೆ ಯಾವಾಗಲೋ ವೋಲ್ಟೇಜ್ ಬಿದ್ದು ಪ್ರೊಸೆಸರ್ ನಿಧಾನ ಆಗಿತ್ತು. 0ಎಕ್ಸ್50005 ಅಂದರೆ ಈ ಕ್ಷಣಕ್ಕೂ ಬಿದ್ದಿದೆ. ಎಚ್ಚರಿಕೆ ಬರೋ ಮಟ್ಟ ಸುಮಾರು 4.63 ವೋಲ್ಟ್. ಮಲ್ಟಿಮೀಟರ್‌ನಲ್ಲಿ 5.0 ತೋರಿಸಿತು ಅಂತ ಬೀಗಬೇಡಿ. ಮೋಟರ್ ಹೊರಡುವಾಗ ಕೆಲವೇ ಮಿಲಿಸೆಕೆಂಡ್ ಬೀಳೋ ಕುಸಿತವನ್ನ ಮಲ್ಟಿಮೀಟರ್ ಸರಾಸರಿ ಮಾಡಿ ಮುಚ್ಚಿಹಾಕುತ್ತೆ. ಹಾಗೇನೇ ಸಿಸ್ಟಮ್ ಲಾಗ್ ತೋರಿಸೋ "ಡಿಮೆಸೇಜ್"ನಲ್ಲಿ ಅಂಡರ್‌ವೋಲ್ಟೇಜ್, ಓವರ್‌ಕರೆಂಟ್, ಯುಎಸ್‌ಬಿ ಡಿಸ್‌ಕನೆಕ್ಟ್ ಸಾಲುಗಳು ಯಾವ ಕ್ರಮದಲ್ಲಿ ಬಂದಿವೆ ನೋಡಿ. ಅಂಡರ್‌ವೋಲ್ಟೇಜ್ ಮೊದಲು, ಡಿಸ್‌ಕನೆಕ್ಟ್ ಆಮೇಲೆ ಬಂದಿದ್ದರೆ ತೀರ್ಪು ಅಲ್ಲೇ ಆಯ್ತು.

ಪರಿಹಾರ: ಮೋಟರ್‌ಗೆ ಒಂದು, ಬೋರ್ಡ್‌ಗೆ ಒಂದು, ಎರಡು ಪ್ರತ್ಯೇಕ ಕನ್ವರ್ಟರ್. ಬೋರ್ಡ್ ಕಡೆಯದನ್ನು 5.1 ವೋಲ್ಟ್‌ಗೆ ಇಡಿ, ಗಿಡ್ಡ ದಪ್ಪ ತಂತಿ ಹಾಕಿ. ಕ್ಯಾಮೆರಾನ ತನ್ನದೇ ವಿದ್ಯುತ್ ಇರೋ ಯುಎಸ್‌ಬಿ 3 ಹಬ್‌ಗೆ ಹಾಕಬಹುದು, ಆದರೆ ಹಬ್ ತನ್ನ 5 ವೋಲ್ಟನ್ನು ಪೈ ಕಡೆಗೇ ಹಿಂದಕ್ಕೆ ತಳ್ಳಬಾರದು. ಪರೀಕ್ಷೆ ಸುಲಭ: ಪೈನ ವಿದ್ಯುತ್ ತೆಗೆದು, ಹಬ್ ಆನ್ ಇಟ್ಟು ಜೋಡಿಸಿ. ಪೈನ ಕೆಂಪು ದೀಪ ಮಿಣುಕಿದರೂ ಆ ಹಬ್ ಬೇಡ.

---

ತಂತಿಜಾಲ:

ಮೇಲಿನದಕ್ಕೆ ಒಪ್ಪಿಗೆ. "ಕುಡಂಟ್ ರಿಸಾಲ್ವ್ ರಿಕ್ವೆಸ್ಟ್ಸ್" ಮಾತ್ರ ಕರೆಂಟಿನದಲ್ಲ, ಕೇಬಲ್‌ನದು.

ಕ್ಯಾಮೆರಾ ಜೋಡಿಸಿ "ಎಲ್‌ಎಸ್‌ಯುಎಸ್‌ಬಿ -ಟಿ" ಓಡಿಸಿ. ಕ್ಯಾಮೆರಾ ಸಾಲಿನ ಕೊನೆಗೆ 5000ಎಂ ಇದ್ದರೆ ಯುಎಸ್‌ಬಿ 3, 480ಎಂ ಇದ್ದರೆ ಯುಎಸ್‌ಬಿ 2. ಕ್ಯಾಮೆರಾ ಯುಎಸ್‌ಬಿ 2ಕ್ಕೆ ಇಳಿದಾಗ ಮಾಯವಾಗುವುದಿಲ್ಲ, ತನ್ನನ್ನು 2.1 ಎಂದು ಪರಿಚಯಿಸಿಕೊಂಡು ಸಣ್ಣ ರೆಸಲ್ಯೂಶನ್ ಅಥವಾ ಕಡಿಮೆ ಫ್ರೇಮ್‌ನ ಪಟ್ಟಿ ಮಾತ್ರ ಕೊಡುತ್ತದೆ. ಆ ಪಟ್ಟಿಯಲ್ಲಿ ಇಲ್ಲದ 720, 30 ಫ್ರೇಮ್ ಕೇಳಿದರೆ ಈ ದೋಷ ಬರಲೇಬೇಕು.

ಇಳಿಯುವುದಕ್ಕೆ ಮೂರು ಕಾರಣ ಸಾಮಾನ್ಯ. ಒಂದು, ಕೇಬಲ್‌ನಲ್ಲಿ ವೇಗದ ಜೋಡಿಗಳೇ ಇಲ್ಲ. ಚಾರ್ಜಿಂಗ್ ಕೇಬಲ್‌ಗಳು ಬಹುಪಾಲು ಹೀಗೇ. ಎರಡು, ಜೋಡಿಗಳಿವೆ ಆದರೆ ಉದ್ದ ಹೆಚ್ಚಾಗಿ ಸಿಗ್ನಲ್ ಅಂಚಿನಲ್ಲಿದೆ. ನಿಮ್ಮದು ಒಮ್ಮೆ ಸರಿ, ಒಮ್ಮೆ ತಪ್ಪು ಎಂದರೆ ಇದೇ ಇರಬೇಕು. ಸಾಧಾರಣ ಕೇಬಲ್ ಆದರೆ 1 ಮೀಟರ್‌ಗೆ ನಿಲ್ಲಿ. ಅದಕ್ಕಿಂತ ಉದ್ದ ಬೇಕೇ ಬೇಕಾದರೆ ಒಳಗೆ ರಿಪೀಟರ್ ಇರುವ ಆಕ್ಟಿವ್ ಕೇಬಲ್. ಮೂರನೆಯದು ನಗು ಬರಿಸುವಂಥದ್ದು: ಎ ಪ್ಲಗ್ಗನ್ನು ನಿಧಾನವಾಗಿ ತಳ್ಳಿದರೆ ಮುಂದಿರುವ ಯುಎಸ್‌ಬಿ 2 ಪಿನ್‌ಗಳು ಮೊದಲು ತಾಗಿ, ಹಿಂದಿನ ಐದು ಪಿನ್ ತಾಗುವಷ್ಟರಲ್ಲಿ ಸಂಪರ್ಕ 2ರಲ್ಲೇ ಕುದುರಿರುತ್ತದೆ. ಕಿತ್ತು, ಒಂದೇ ಸಲಕ್ಕೆ ಜೋರಾಗಿ ಒತ್ತಿ.

ವೈಫೈ ತಡವರಿಸುವುದೂ ಇಲ್ಲಿಂದಲೇ. ಯುಎಸ್‌ಬಿ 3ರ ಸಿಗ್ನಲ್ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೋ ಗದ್ದಲ ಚೆಲ್ಲುತ್ತದೆ. ಶೀಲ್ಡ್ ಸರಿಯಿಲ್ಲದ ಕೇಬಲ್ ಪೈನ ಆಂಟೆನಾ ಪಕ್ಕದಲ್ಲೇ ಹಾದರೆ ಕೇಳುವುದೇ ಬೇಡ. 5 ಗಿಗಾಹರ್ಟ್ಸ್ ವೈಫೈಗೆ ಹೋಗಿ, ಅಥವಾ ಕೇಬಲ್ಲನ್ನು ಬೋರ್ಡಿನ ಆ ಮೂಲೆಯಿಂದ ದೂರ ಒಯ್ಯಿರಿ.

ಇನ್ನೊಂದು ಮಾತು. ಚಲಿಸುವ ರೋಬೋದಲ್ಲಿ ಕೇಬಲ್ಲಿನ ಎರಡೂ ತುದಿಯನ್ನು ಪ್ಲಗ್‌ನಿಂದ 3-4 ಸೆಂ.ಮೀ. ದೂರದಲ್ಲಿ ಚೌಕಟ್ಟಿಗೆ ಟೈ ಹಾಕಿ ಬಿಗಿಯಿರಿ. ಸಿ ಪ್ಲಗ್ ಒಂದು ಕೂದಲೆಳೆ ಅಲುಗಿದರೂ ಡಿಸ್‌ಕನೆಕ್ಟ್.

---

ಲೆಕ್ಕದಪುಸ್ತಕ:

ಎಷ್ಟು ದತ್ತಾಂಶ ಹರಿಯುತ್ತಿದೆ ಎಂಬುದನ್ನು ಊಹಿಸಬೇಕಿಲ್ಲ, ಗುಣಿಸಿದರೆ ಸಾಕು. ಡೆಪ್ತ್ ಪಿಕ್ಸೆಲ್‌ಗೆ 16 ಬಿಟ್. ಬಣ್ಣವೂ ತಂತಿಯ ಮೇಲೆ ವೈಯುವೈವಿ ಎಂಬ ಕಚ್ಚಾ ಬಣ್ಣದ ರೂಪದಲ್ಲಿ ಬರುವುದರಿಂದ ಪಿಕ್ಸೆಲ್‌ಗೆ 16 ಬಿಟ್ಟೇ.

1280 × 720 × 16 × 30 = ಸೆಕೆಂಡಿಗೆ 442 ಮೆಗಾಬಿಟ್. ಎರಡು ಸ್ಟ್ರೀಮ್ ಸೇರಿ 884.
640 × 480 × 16 × 30 = 147. ಎರಡು ಸೇರಿ 295.
848 × 480 × 16 × 15 = 98. ಎರಡು ಸೇರಿ 195.

ಯುಎಸ್‌ಬಿ 2 ಹೆಸರಿಗೆ 480, ಕೈಗೆ ಸಿಗುವುದು 300ರ ಆಸುಪಾಸು. ಅಂದರೆ 640×480ರ ಜೋಡಿ 30 ಫ್ರೇಮ್‌ನಲ್ಲಿ ಯುಎಸ್‌ಬಿ 2ರ ಕತ್ತಿನವರೆಗೆ ಬರುತ್ತದೆ. ಪಕ್ಕದಲ್ಲಿ ಇನ್ನೊಂದು ಸಾಧನ ಕೆಮ್ಮಿದರೂ ಫ್ರೇಮ್ ಬೀಳುತ್ತದೆ. ಪೈ 3ರಲ್ಲಿ ಯುಎಸ್‌ಬಿ ಪೋರ್ಟ್‌ಗಳೂ ಈಥರ್ನೆಟ್ಟೂ ಒಂದೇ ಯುಎಸ್‌ಬಿ 2 ಕೊಂಡಿಯ ಹಿಂದೆ ಇರುವುದರಿಂದ ಅಲ್ಲಿ ಇದು ಇನ್ನೂ ಇಕ್ಕಟ್ಟು.

ಪೈ 4ರಲ್ಲಿ ಯುಎಸ್‌ಬಿ 3 ಚಿಪ್ ಪ್ರೊಸೆಸರ್‌ಗೆ ಹೋಗುವ ಒಂದೇ ಲೇನ್ ಪಿಸಿಐಇ 2 ಕೊಂಡಿಯ ಹಿಂದೆ ಕೂತಿದೆ. ಎನ್‌ಕೋಡಿಂಗ್ ಕಳೆದು 4 ಗಿಗಾಬಿಟ್, ನಾಲ್ಕೂ ಪೋರ್ಟ್‌ಗೆ ಹಂಚಿಕೆ. ನಿಮ್ಮ 884 ಮೆಗಾಬಿಟ್ಟು ಅದರಲ್ಲಿ ಸಲೀಸಾಗಿ ಹಿಡಿಯುತ್ತದೆ. ಆದ್ದರಿಂದ ಕೊಂಡಿ 5000ಎಂ ಇರುವಾಗಲೂ 6-7 ಫ್ರೇಮ್ ಬರುತ್ತಿದ್ದರೆ ಇಕ್ಕಟ್ಟು ತಂತಿಯಲ್ಲಿಲ್ಲ, ಪ್ರೊಸೆಸರ್‌ನಲ್ಲಿದೆ.

10 ಸಲ ಸಾಕು ಎಂದ ಮೇಲೆ 720, 30 ಫ್ರೇಮ್ ಯಾಕೆ ಕೇಳುತ್ತಿದ್ದೀರಿ? 848×480, 15 ಫ್ರೇಮ್ ಕೇಳಿ. ಡಿ435 ಚೆನ್ನಾಗಿ ಕೆಲಸ ಮಾಡುವ ರೆಸಲ್ಯೂಶನ್ ಅದೇ.

---

ಚಕ್ರಪಾದ:

ನೋಡಿದೆ. ನಿಂತಾಗ 0ಎಕ್ಸ್50000, ಡಿಮೆಸೇಜ್‌ನಲ್ಲಿ ಅಂಡರ್‌ವೋಲ್ಟೇಜ್ ಸಾಲಿನ ಹಿಂದೆಯೇ ಡಿಸ್‌ಕನೆಕ್ಟ್. ಕೇಬಲ್ ಕೂಡ ಒಮ್ಮೆ 5000ಎಂ, ಒಮ್ಮೆ 480ಎಂ ತೋರಿಸುತ್ತಿತ್ತು. ಕನ್ವರ್ಟರ್ ಬೇರೆ ಮಾಡಿ, 1 ಮೀಟರ್ ಕೇಬಲ್ ಹಾಕಿದ ಮೇಲೆ ನಿಲ್ಲುವುದು ತಪ್ಪಿದೆ. 848×480, 15ಕ್ಕೆ ಇಳಿಸಿದೆ, ಆದರೂ ಅಲೈನ್ ಸೇರಿಸಿದ ಕೂಡಲೇ 9ರ ಮೇಲೆ ಹೋಗುವುದಿಲ್ಲ, ಒಂದು ಕೋರ್ ಪೂರ್ತಿ ತುಂಬಿರುತ್ತದೆ. ಬಣ್ಣ ಬಿಜಿಆರ್8ನಲ್ಲಿ (ನೀಲಿ-ಹಸಿರು-ಕೆಂಪು ರೂಪ) ಕೇಳುತ್ತಿದ್ದೇನೆ, ಚಿತ್ರ ಸಂಸ್ಕರಣೆಯ ಲೈಬ್ರರಿ ಓಪನ್‌ಸಿವಿಗೆ ನೇರ ಹೋಗಲಿ ಎಂದು.

---

ಬಿಂದುಮೋಡ:

ಒಂದು ಕೋರ್ ತುಂಬಿಸುತ್ತಿರುವುದು ಎರಡು ಕೆಲಸ.

ಮೊದಲನೆಯದು ಬಿಜಿಆರ್8. ಕ್ಯಾಮೆರಾ ಕಳಿಸುವುದು ವೈಯುವೈವಿ. ನೀವು ಬಿಜಿಆರ್ ಕೇಳಿದರೆ ಲೈಬ್ರರಿ ಪ್ರತಿ ಫ್ರೇಮನ್ನೂ ಪೈನ ಸಿಪಿಯುವಿನಲ್ಲೇ ಪರಿವರ್ತಿಸಿ ಕೊಡುತ್ತದೆ. ವೈಯುವೈವಿಯನ್ನೇ ತೆಗೆದುಕೊಂಡು, ಬೇಕಾದ ಫ್ರೇಮ್‌ಗಷ್ಟೇ, ಬೇಕಾದ ಭಾಗಕ್ಕಷ್ಟೇ ಪರಿವರ್ತಿಸಿ.

ಎರಡನೆಯದು ಅಲೈನ್. ಇದು ಪ್ರತಿ ಡೆಪ್ತ್ ಪಿಕ್ಸೆಲ್ಲನ್ನೂ 3ಡಿ ಬಿಂದುವಾಗಿಸಿ, ಬಣ್ಣದ ಕ್ಯಾಮೆರಾದ ಜಾಗಕ್ಕೆ ಸರಿಸಿ, ಮತ್ತೆ ಚಿತ್ರದ ಮೇಲೆ ಇಳಿಸುತ್ತದೆ. 848×480 ಅಂದರೆ ಫ್ರೇಮ್‌ಗೆ 4,07,040 ಬಿಂದು. ಎನ್ವಿಡಿಯಾ ಬೋರ್ಡ್‌ಗಳಲ್ಲಿ ಈ ಕೆಲಸವನ್ನು ಕ್ಯೂಡಾ ಆಯ್ಕೆ ಹಾಕಿ ಬಿಲ್ಡ್ ಮಾಡಿದರೆ ಜಿಪಿಯುಗೆ ದಾಟಿಸಬಹುದು. ಪೈನಲ್ಲಿ ಆ ದಾರಿ ಇಲ್ಲ.

ಆದರೆ ನಿಮಗೆ ಅಲೈನ್ ಬೇಕೇ? ಅಡೆತಡೆ ಹುಡುಕಲು ಬಣ್ಣವೇ ಬೇಡ. ಡೆಪ್ತ್ ಸ್ಟ್ರೀಮ್ ಒಂದನ್ನೇ ಆನ್ ಮಾಡಿ. ಅದರ ಜೊತೆಗೆ ಚಿತ್ರವೂ ಬೇಕಾದರೆ ಎಡ ಇನ್‌ಫ್ರಾರೆಡ್ ಸ್ಟ್ರೀಮ್ ತೆಗೆದುಕೊಳ್ಳಿ. ಡಿ400 ಸರಣಿಯಲ್ಲಿ ಡೆಪ್ತ್ ಚಿತ್ರ ಎಡ ಕಣ್ಣಿನ ದೃಷ್ಟಿಯಿಂದಲೇ ತಯಾರಾಗುವುದರಿಂದ, ಎಡ ಇನ್‌ಫ್ರಾರೆಡ್ ಮತ್ತು ಡೆಪ್ತ್ ಪಿಕ್ಸೆಲ್‌ಗೆ ಪಿಕ್ಸೆಲ್ ಹೊಂದಿಕೊಂಡೇ ಬರುತ್ತವೆ. ಅಲೈನ್ ಖರ್ಚು ಸೊನ್ನೆ. ಮೇಲಾಗಿ ಆ ಸೆನ್ಸರ್ ಗ್ಲೋಬಲ್ ಶಟರ್, ಇಡೀ ಚಿತ್ರ ಒಮ್ಮೆಲೇ ಹಿಡಿಯುತ್ತದೆ. ಡಿ435ರ ಬಣ್ಣದ ಸೆನ್ಸರ್ ರೋಲಿಂಗ್ ಶಟರ್, ಸಾಲು ಸಾಲಾಗಿ ಹಿಡಿಯುವುದರಿಂದ ರೋಬೋ ತಿರುಗುವಾಗ ಚಿತ್ರ ವಾಲುತ್ತದೆ. ತೊಡಕು ಒಂದೇ: ಇನ್‌ಫ್ರಾರೆಡ್ ಚಿತ್ರದಲ್ಲಿ ಪ್ರೊಜೆಕ್ಟರ್‌ನ ಚುಕ್ಕೆಗಳು ಕಾಣುತ್ತವೆ. ಎಮಿಟರ್ (ಅದೇ ಪ್ರೊಜೆಕ್ಟರ್) ಆನ್-ಆಫ್ ಆಯ್ಕೆ ಹಾಕಿದರೆ ಒಂದು ಫ್ರೇಮ್ ಚುಕ್ಕೆಯೊಂದಿಗೆ, ಮುಂದಿನದು ಚುಕ್ಕೆಯಿಲ್ಲದೆ ಬರುತ್ತದೆ. ಒಂದರಿಂದ ಡೆಪ್ತ್, ಇನ್ನೊಂದರಿಂದ ಚಿತ್ರ.

ಬಣ್ಣ ಬೇಕೇ ಬೇಕು, ಅದರಲ್ಲಿ ವಸ್ತು ಗುರುತಿಸಬೇಕು ಎಂದಾದರೂ ಇಡೀ ಫ್ರೇಮ್ ಅಲೈನ್ ಮಾಡಬೇಡಿ. ಗುರುತಿಸಿದ ಚೌಕದ ಮಧ್ಯದ ಕೆಲವು ಬಿಂದುಗಳಿಗಷ್ಟೇ ಇಂಟ್ರಿನ್ಸಿಕ್ (ಲೆನ್ಸ್‌ನ ಅಳತೆಗಳು), ಎಕ್ಸ್‌ಟ್ರಿನ್ಸಿಕ್ (ಎರಡು ಸೆನ್ಸರ್ ನಡುವಿನ ಸ್ಥಾನ) ಬಳಸಿ ಲೆಕ್ಕ ಹಾಕಿ. ನಾಲ್ಕು ಲಕ್ಷದ ಬದಲು ಐವತ್ತು ಬಿಂದು.

ಡೆಪ್ತ್ ಚಿತ್ರ ನುಣುಪಾಗಿಸಲು ಫಿಲ್ಟರ್ ಹಾಕುವವರು ಕ್ರಮ ತಪ್ಪಿಸುತ್ತಾರೆ. ಡೆಸಿಮೇಶನ್ ಮೊದಲು (ರೆಸಲ್ಯೂಶನ್ ಇಳಿಸುವುದು; 2 ಇಟ್ಟರೆ ಬಿಂದುಗಳು ಕಾಲುಭಾಗಕ್ಕೆ ಇಳಿಯುತ್ತವೆ, ಮುಂದಿನದೆಲ್ಲ ಹಗುರ), ಆಮೇಲೆ ಡೆಪ್ತ್‌ನಿಂದ ಡಿಸ್ಪ್ಯಾರಿಟಿಗೆ (ಎರಡು ಕಣ್ಣಿನ ಚಿತ್ರಗಳ ನಡುವಿನ ವ್ಯತ್ಯಾಸ), ಸ್ಪೇಷಿಯಲ್ (ಪಕ್ಕದ ಪಿಕ್ಸೆಲ್ ನೋಡಿ ನುಣುಪು), ಟೆಂಪೊರಲ್ (ಹಿಂದಿನ ಫ್ರೇಮ್ ನೋಡಿ ನುಣುಪು), ಮತ್ತೆ ಡೆಪ್ತ್‌ಗೆ. ಚಲಿಸುವ ರೋಬೋದಲ್ಲಿ ಟೆಂಪೊರಲ್ ಬೇಡ, ಸರಿದುಹೋದ ವಸ್ತುವಿನ ನೆರಳು ಉಳಿಯುತ್ತದೆ. ಹೋಲ್ ಫಿಲ್ಲಿಂಗ್ ಅಂತೂ ಬೇಡವೇ ಬೇಡ. ಡೆಪ್ತ್‌ನಲ್ಲಿ 0 ಎಂದರೆ "ಗೊತ್ತಿಲ್ಲ" ಎಂದರ್ಥ, ಅದನ್ನು ಪಕ್ಕದ ಅಂಕಿಯಿಂದ ತುಂಬಿದರೆ ರೋಬೋ ಆ ಸುಳ್ಳನ್ನು ನಂಬಿ ಓಡುತ್ತದೆ.

---

ಚಕ್ರಪಾದ:

ಬಣ್ಣ ಬಿಟ್ಟು ಡೆಪ್ತ್ + ಎಡ ಇನ್‌ಫ್ರಾರೆಡ್: 15ಕ್ಕೆ 15 ಬರುತ್ತಿದೆ. ಸಿಪಿಯುಗೆ ಬಿಡುವೂ ಇದೆ.

---

ಬೆಳಕಿನಮಾಪಕ:

ಬಣ್ಣ ಉಳಿಸಿಕೊಳ್ಳುವವರಿಗೆ ಒಂದು ಸಾಲು: ಮಂದ ಬೆಳಕಿನಲ್ಲಿ ಬಣ್ಣದ ಸ್ಟ್ರೀಮ್ 30ರಿಂದ 15ಕ್ಕೆ ತಾನಾಗಿಯೇ ಬಿದ್ದರೆ ಅದು ಯುಎಸ್‌ಬಿ ತೊಂದರೆಯಲ್ಲ. ಆಟೋ ಎಕ್ಸ್‌ಪೋಶರ್ ಪ್ರಯಾರಿಟಿ ಆಫ್ ಮಾಡಿ. ಚಿತ್ರ ಸ್ವಲ್ಪ ಕಪ್ಪಾಗುತ್ತದೆ, ಫ್ರೇಮ್ ಉಳಿಯುತ್ತದೆ.

---

ಹೊಸಕೈ:

ನನ್ನದು ಒಂದು ಹೆಜ್ಜೆ ಹಿಂದಿನ ಪ್ರಶ್ನೆ. ಪೈನಲ್ಲಿ ಲಿಬ್‌ರಿಯಲ್‌ಸೆನ್ಸ್ (ಈ ಕ್ಯಾಮೆರಾದ ಲೈಬ್ರರಿ) ಬಿಲ್ಡ್ ಮಾಡುವುದೇ ಆಗುತ್ತಿಲ್ಲ. ಅರ್ಧಕ್ಕೆ ಬೋರ್ಡ್ ಹೆಪ್ಪುಗಟ್ಟಿ ನಿಲ್ಲುತ್ತದೆ. ಕರ್ನಲ್ ಪ್ಯಾಚ್ ಸ್ಕ್ರಿಪ್ಟ್ ಕೂಡ ಕೆಲಸ ಮಾಡುವುದಿಲ್ಲ.

---

ಕರ್ನಲ್‌ಕಾಕಾ:

ಹೆಪ್ಪುಗಟ್ಟೋದು ಮೆಮೊರಿ ಸಾಲದ್ದಕ್ಕೆ. "ಮೇಕ್ -ಜೆ4" ಅಂದ್ರೆ ನಾಲ್ಕು ಕಂಪೈಲರ್ ಒಟ್ಟಿಗೆ ಕೂತು ಉಣ್ತಾವೆ. ಪೈಥಾನ್ ಬೈಂಡಿಂಗ್ ಫೈಲ್ ಬಂದಾಗ ಒಂದೊಂದಕ್ಕೇ ದೊಡ್ಡ ತುತ್ತು ಬೇಕು. 4 ಜಿಬಿ ಬೋರ್ಡ್‌ನಾಗೆ -ಜೆ2, 2 ಜಿಬಿ ಆದ್ರೆ -ಜೆ1. ಅದಕ್ಕೂ ಮೊದಲು ಬುಕ್‌ವರ್ಮ್‌ನಾಗೆ ಇಟಿಸಿ ಒಳಗಿನ ಡಿಫಿಸ್-ಸ್ವಾಪ್‌ಫೈಲ್ ತೆಗೆದು ಕಾನ್ಫ್_ಸ್ವಾಪ್‌ಸೈಜ್ (ಡಿಸ್ಕನ್ನ ಮೆಮೊರಿ ಥರ ಬಳಸೋ ಜಾಗ) 2048 ಮಾಡ್ರಿ, ಸೇವೆ ಮರುಶುರು ಮಾಡ್ರಿ. ಬಿಲ್ಡ್ ಮುಗಿದ ಮೇಲೆ ಹಿಂದಕ್ಕೆ ತರ್ರಿ, ಇಲ್ಲಾಂದ್ರೆ ಎಸ್‌ಡಿ ಕಾರ್ಡ್ ಸವೀತದ.

ಕರ್ನಲ್ ಪ್ಯಾಚ್ ಗೋಜಿಗೆ ಹೋಗಬ್ಯಾಡ್ರಿ. ಆ ಸ್ಕ್ರಿಪ್ಟ್ ಬರೆದಿರೋದು ಉಬುಂಟು ಕರ್ನಲ್‌ಗಳಿಗೆ, ಪೈ ಕರ್ನಲ್ ಅದಕ್ಕೆ ಗೊತ್ತೇ ಇಲ್ಲ. ಸಿಮೇಕ್‌ಗೆ ಈ ಆಯ್ಕೆ ಕೊಡ್ರಿ:

ಫೋರ್ಸ್_ಆರ್‌ಎಸ್‌ಯುಎಸ್‌ಬಿ_ಬ್ಯಾಕೆಂಡ್ = ಆನ್
ಬಿಲ್ಡ್_ಪೈಥಾನ್_ಬೈಂಡಿಂಗ್ಸ್ = ಆನ್
ಬಿಲ್ಡ್_ಗ್ರಾಫಿಕಲ್_ಎಕ್ಸಾಂಪಲ್ಸ್ = ಆಫ್
ಸಿಮೇಕ್_ಬಿಲ್ಡ್_ಟೈಪ್ = ರಿಲೀಸ್

ಮೊದಲನೇದು ಹಾಕಿದ್ರೆ ಲೈಬ್ರರಿ ಕರ್ನಲ್‌ನ ವಿಡಿಯೋ ಡ್ರೈವರ್ ಬಿಟ್ಟು, ಲಿಬ್‌ಯುಎಸ್‌ಬಿ ಮೂಲಕ ತಾನೇ ಕ್ಯಾಮೆರಾ ಜೋಡಿ ಮಾತಾಡ್ತದ. ಪ್ಯಾಚ್ ಬೇಕಿಲ್ಲ, ಡಿ435ಐ ಒಳಗಿನ ಐಎಂಯು (ಚಲನೆ ಅಳೆಯೋ ಸೆನ್ಸರ್) ಸೈತ ಬರ್ತದ. ಕೊನೇದನ್ನ ಮರೆತ್ರೆ ಅಲೈನ್, ಫಿಲ್ಟರ್ ಎಲ್ಲ ಆಮೆ ಆಗ್ತಾವ, ಬಹಳ ಮಂದಿ ಇಲ್ಲೇ ಎಡವೋದು.

ಆಮೇಲೆ ಕಾನ್ಫಿಗ್ ಫೋಲ್ಡರ್‌ನಾಗೆ ಇರೋ 99-ರಿಯಲ್‌ಸೆನ್ಸ್-ಲಿಬ್‌ಯುಎಸ್‌ಬಿ ಯುಡೆವ್ ನಿಯಮವನ್ನ (ಸಾಧನ ಬಳಸೋಕೆ ಅನುಮತಿ ಕೊಡೋ ಫೈಲ್) ಇಟಿಸಿ ಕೆಳಗಿನ ಯುಡೆವ್, ರೂಲ್ಸ್ ಫೋಲ್ಡರ್‌ಗೆ ನಕಲು ಮಾಡಿ, ಯುಡೆವ್ ನಿಯಮ ಮರುಲೋಡ್ ಮಾಡಿ, ಕ್ಯಾಮೆರಾ ಕಿತ್ತು ಹಾಕ್ರಿ. "ಸುಡೋ ಹಾಕಿದ್ರೆ ಓಡ್ತದ, ಹಾಕದಿದ್ರೆ ಕ್ಯಾಮೆರಾನೇ ಕಾಣಲ್ಲ" ಅಂದ್ರೆ ಈ ನಿಯಮ ಕೂತಿಲ್ಲ ಅಂತ ಲೆಕ್ಕ. ಇಷ್ಟೆಲ್ಲಾ ಮಾಡೋಕೂ ಮುಂಚೆ ಒಂದು ವರ್ಚುವಲ್ ಎನ್ವಿರಾನ್ಮೆಂಟ್ ಒಳಗ ಪಿಪ್‌ನಿಂದ ಪೈರಿಯಲ್‌ಸೆನ್ಸ್2 ಸಿಗ್ತದೇನು ನೋಡ್ರಿ. ಸಿಕ್ರೆ ಬಿಲ್ಡ್ ಮಾಡೋ ಗೋಳೇ ಇಲ್ಲ.

---

ತಂತಿಜಾಲ:

ಕಾಕಾ, ಒಂದು ಕ್ಯಾಮೆರಾಗೆ ಸರಿ. ಎಲ್ಲರಿಗೂ ಅದನ್ನೇ ಹೇಳಬೇಡಿ. ಆರ್‌ಎಸ್‌ಯುಎಸ್‌ಬಿಯಲ್ಲಿ (ಆ ಲಿಬ್‌ಯುಎಸ್‌ಬಿ ದಾರಿಯಲ್ಲಿ) ಒಂದು ಪ್ರೋಗ್ರಾಂ ಕ್ಯಾಮೆರಾ ಹಿಡಿದರೆ ಇನ್ನೊಂದಕ್ಕೆ ಸಿಗದು. ಎರಡು ಮೂರು ಕ್ಯಾಮೆರಾ ಒಟ್ಟಿಗೆ ಓಡಿಸುವವರಿಗೆ ಕರ್ನಲ್ ದಾರಿಯೇ ಗಟ್ಟಿ.

---

ಕರ್ನಲ್‌ಕಾಕಾ:

ಒಪ್ಪಿದೆ. ಹಠ ಹಿಡಿದು ಲಿಬ್‌ಯುಎಸ್‌ಬಿಯಲ್ಲೇ ಎರಡು ಓಡಿಸ್ತೀನಿ ಅನ್ನೋರು ಯುಎಸ್‌ಬಿಎಫ್‌ಎಸ್ ಮೆಮೊರಿ (ಯುಎಸ್‌ಬಿ ದತ್ತಾಂಶಕ್ಕೆ ಕರ್ನಲ್ ಕೊಡೋ ಜಾಗ) ಹೆಚ್ಚಿಸ್ರಿ. ಹುಟ್ಟಿನಿಂದ ಅದು 16 ಎಂಬಿ ಅಷ್ಟೇ. ಬೂಟ್, ಫರ್ಮ್‌ವೇರ್ ಒಳಗಿನ ಸಿಎಂಡಿಲೈನ್ ಫೈಲ್‌ಗೆ ಯುಎಸ್‌ಬಿಕೋರ್.ಯುಎಸ್‌ಬಿಎಫ್‌ಎಸ್_ಮೆಮೊರಿ_ಎಂಬಿ=1000 ಸೇರಿಸ್ರಿ. ಆ ಫೈಲ್ ಒಂದೇ ಸಾಲಿನದ್ದು. ಎಂಟರ್ ಒತ್ತಿ ಹೊಸ ಸಾಲಿಗೆ ಬರೆದ್ರೆ ಅದು ಲೆಕ್ಕಕ್ಕೇ ಬರಲ್ಲ.

---

ಹೊಸಕೈ:

ಓಕ್-ಡಿ (ಇನ್ನೊಂದು ಡೆಪ್ತ್ ಕ್ಯಾಮೆರಾ) ಕೊಂಡರೆ ಈ ಯಾವ ತಲೆನೋವೂ ಇಲ್ಲ ಎನ್ನುತ್ತಾರಲ್ಲ? ಅದು ಡೆಪ್ತನ್ನು ಒಳಗೇ ಲೆಕ್ಕ ಹಾಕುತ್ತದೆ, ರಿಯಲ್‌ಸೆನ್ಸ್ ಪೈ ಮೇಲೆ ಹೊರಿಸುತ್ತದೆ ಎಂದು ಓದಿದೆ.

---

ಬಿಂದುಮೋಡ:

ಅರ್ಧ ಸರಿ. ಡಿ400 ಸರಣಿಯಲ್ಲೂ ಎರಡು ಕಣ್ಣಿನ ಚಿತ್ರ ಹೋಲಿಸಿ ಡೆಪ್ತ್ ತೆಗೆಯುವುದು ಕ್ಯಾಮೆರಾದೊಳಗಿನ ಡಿ4 ಚಿಪ್ಪೇ. ಪೈ ತಲೆಗೆ ಬರುವುದು ಅಲೈನ್, ಫಿಲ್ಟರ್, ಪಾಯಿಂಟ್ ಕ್ಲೌಡ್ (3ಡಿ ಬಿಂದುಗಳ ರಾಶಿ). ಓಕ್-ಡಿಯಲ್ಲಿ ಮಿರಿಯಡ್ ಎಕ್ಸ್ ಚಿಪ್ ಇರುವುದರಿಂದ ಅಲೈನ್ ಮತ್ತು ವಸ್ತು ಗುರುತಿಸುವ ನ್ಯೂರಲ್ ನೆಟ್‌ವರ್ಕ್ ಕೂಡ ಒಳಗೇ ನಡೆಯುತ್ತವೆ. ಪೈಗೆ "ಈ ಜಾಗದಲ್ಲಿ, ಇಷ್ಟು ದೂರದಲ್ಲಿ ಕುರ್ಚಿ" ಎಂಬ ಫಲಿತಾಂಶವನ್ನಷ್ಟೇ ಕಳಿಸಬಹುದು. ಆಗ ಯುಎಸ್‌ಬಿ 2 ಕೂಡ ಧಾರಾಳ. ಪೂರ್ತಿ ಡೆಪ್ತ್ ಚಿತ್ರ, ಪೂರ್ತಿ ಬಣ್ಣದ ಚಿತ್ರ ಕಳಿಸು ಎಂದರೆ ಮೇಲಿನ ಗುಣಾಕಾರವೇ ಇಲ್ಲಿಗೂ.

ತಲೆನೋವು ಇಲ್ಲ ಎಂಬುದು ಸುಳ್ಳು, ಬೇರೆ ತಲೆನೋವು ಇದೆ. ಈ ಕ್ಯಾಮೆರಾದಲ್ಲಿ ಪ್ರೋಗ್ರಾಂ ಇರುವುದಿಲ್ಲ, ಪ್ರತಿ ಸಲವೂ ಪೈ ಅದಕ್ಕೆ ಫರ್ಮ್‌ವೇರ್ ತುಂಬುತ್ತದೆ. ತುಂಬುವ ಮೊದಲು ಅದು 03ಇ7:2485 ಎಂಬ ಗುರುತಿನಲ್ಲಿ ಕಾಣುತ್ತದೆ, ಆಮೇಲೆ ಬಸ್‌ನಿಂದ ಕಳಚಿಕೊಂಡು 03ಇ7:ಎಫ್63ಬಿ ಆಗಿ ಮತ್ತೆ ಹುಟ್ಟುತ್ತದೆ. ಆದ್ದರಿಂದ ಯುಡೆವ್ ನಿಯಮ 03ಇ7 ಎಂಬ ತಯಾರಕರ ಗುರುತಿಗೇ ಇರಬೇಕು, ಒಂದು ಸಾಧನದ ಗುರುತಿಗಲ್ಲ. ಕಂಟೇನರ್ ಒಳಗೆ ಓಡಿಸುವವರು ಒಂದು ಸಾಧನದ ಫೈಲನ್ನಷ್ಟೇ ಒಳಗೆ ಬಿಟ್ಟರೆ ಅದು ಮರುಹುಟ್ಟು ಪಡೆದ ಕ್ಷಣ ಕೈತಪ್ಪುತ್ತದೆ. ಇಡೀ ಯುಎಸ್‌ಬಿ ಬಸ್ ಫೋಲ್ಡರನ್ನೇ ಮೌಂಟ್ ಮಾಡಬೇಕು.

ಇನ್ನೊಂದು: ಮೂಲ ಓಕ್-ಡಿಯಲ್ಲೂ ಓಕ್-ಡಿ ಲೈಟ್ ಮಾದರಿಯಲ್ಲೂ ಇನ್‌ಫ್ರಾರೆಡ್ ಚುಕ್ಕೆ ಪ್ರೊಜೆಕ್ಟರ್ ಇಲ್ಲ, ಪ್ರೊ ಮಾದರಿಗಳಲ್ಲಿದೆ. ಪ್ರೊಜೆಕ್ಟರ್ ಇಲ್ಲದ ಸ್ಟೀರಿಯೋ (ಎರಡು ಕಣ್ಣಿನ) ಕ್ಯಾಮೆರಾಗೆ ಬಿಳಿ ಗೋಡೆ ತೋರಿಸಿದರೆ ಹೋಲಿಸಲು ಗುರುತೇ ಸಿಗದೆ ಡೆಪ್ತ್‌ನಲ್ಲಿ ತೂತುಗಳೇ ತುಂಬಿರುತ್ತವೆ. ಕೋಣೆಯೊಳಗೆ ಓಡುವ ರೋಬೋಗೆ ಗೋಡೆಯೇ ಮುಖ್ಯ ಅಡೆತಡೆ ಎಂಬುದನ್ನು ನೆನಪಿಡಿ.

---

ಲೆಕ್ಕದಪುಸ್ತಕ:

ಚಕ್ರಪಾದ ಅವರೇ, 3 ಮೀಟರ್ ಎಂದಿರಿ. ಅಲ್ಲಿ ಎಷ್ಟು ನಂಬಬಹುದು ಎಂಬ ಲೆಕ್ಕವೂ ಇರಲಿ.

ಸ್ಟೀರಿಯೋದಲ್ಲಿ ದೋಷ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: ದೂರದ ವರ್ಗ × ಸಬ್‌ಪಿಕ್ಸೆಲ್ ದೋಷ (ಹೋಲಿಕೆಯಲ್ಲಿ ಪಿಕ್ಸೆಲ್‌ನ ಎಷ್ಟು ಭಾಗ ತಪ್ಪುತ್ತದೆ ಎಂಬುದು) ÷ (ಪಿಕ್ಸೆಲ್‌ಗಳಲ್ಲಿ ಫೋಕಲ್ ದೂರ × ಎರಡು ಕಣ್ಣಿನ ಅಂತರ). ಡಿ435ರಲ್ಲಿ ಕಣ್ಣಿನ ಅಂತರ 50 ಮಿ.ಮೀ. ಅಡ್ಡನೋಟ 87 ಡಿಗ್ರಿ, ಹಾಗಾಗಿ 848 ಅಗಲಕ್ಕೆ ಫೋಕಲ್ ದೂರ ಸುಮಾರು 447 ಪಿಕ್ಸೆಲ್. ಸಬ್‌ಪಿಕ್ಸೆಲ್ ದೋಷ 0.08 ಎಂದಿಟ್ಟುಕೊಂಡರೆ 1 ಮೀಟರ್‌ನಲ್ಲಿ 3.6 ಮಿ.ಮೀ., 2ರಲ್ಲಿ 14, 3ರಲ್ಲಿ 32, 4ರಲ್ಲಿ 57. ಅದೇ ಸರಣಿಯ ಡಿ455ರ ಕಣ್ಣಿನ ಅಂತರ 95 ಮಿ.ಮೀ. ಇರುವುದರಿಂದ ಎಲ್ಲವೂ ಸುಮಾರು ಅರ್ಧ. ನೆಲದ ಮೇಲಿನ 2 ಸೆಂ.ಮೀ. ಎತ್ತರದ ವಸ್ತುವನ್ನು 3 ಮೀಟರ್‌ನಿಂದಲೇ ಹಿಡಿಯುತ್ತೇನೆ ಎಂದುಕೊಳ್ಳಬೇಡಿ, ಒಂದೂವರೆ ಮೀಟರ್ ಒಳಗೆ ಬಂದಾಗ ಹಿಡಿಯಿರಿ.

ಹತ್ತಿರದ ಮಿತಿ ರೆಸಲ್ಯೂಶನ್ ಜೊತೆ ಬದಲಾಗುತ್ತದೆ. 1280×720ರಲ್ಲಿ ಸುಮಾರು 28 ಸೆಂ.ಮೀ.ಗಿಂತ ಹತ್ತಿರದ್ದು ಕಾಣದು, 848×480ರಲ್ಲಿ ಸುಮಾರು 20, 424×240ರಲ್ಲಿ ಸುಮಾರು 10. ರೆಸಲ್ಯೂಶನ್ ಅರ್ಧ ಮಾಡಿದರೆ ಮೂತಿಯ ಮುಂದಿನದು ಕಾಣುತ್ತದೆ, ಬದಲಿಗೆ ದೂರದಲ್ಲಿ ದೋಷ ದುಪ್ಪಟ್ಟು. ಕ್ಯಾಮೆರಾವನ್ನು ರೋಬೋದ ಮುಂತುದಿಗೆ ಕೂರಿಸದೆ 20 ಸೆಂ.ಮೀ. ಹಿಂದಕ್ಕೆ, ಸ್ವಲ್ಪ ಕೆಳಮುಖವಾಗಿ ಕೂರಿಸಿದರೆ ಕುರುಡು ಜಾಗವೆಲ್ಲ ರೋಬೋದ ಮೈಮೇಲೆಯೇ ಕಳೆದುಹೋಗುತ್ತದೆ. ಇದಕ್ಕಿಂತ ಅಗ್ಗದ ಪರಿಹಾರ ಇಲ್ಲ.

---

ಹಳೆಪೆಟ್ಟಿಗೆ:

ಮನೆಯಲ್ಲಿ ಧೂಳು ತಿನ್ನುತ್ತಿರುವ ಕಿನೆಕ್ಟ್‌ಗಳನ್ನು (ಎಕ್ಸ್‌ಬಾಕ್ಸ್ ಆಟಕ್ಕೆ ಬಂದಿದ್ದ ಡೆಪ್ತ್ ಕ್ಯಾಮೆರಾ) ಪೈಗೆ ಹಾಕಬಹುದೇ?

---

ತಂತಿಜಾಲ:

ಎಕ್ಸ್‌ಬಾಕ್ಸ್ 360ರ ಮೊದಲ ಕಿನೆಕ್ಟ್ ಆಗುತ್ತದೆ. ಯುಎಸ್‌ಬಿ 2, 640×480 ಡೆಪ್ತ್, ಲಿಬ್‌ಫ್ರೀನೆಕ್ಟ್ ಲೈಬ್ರರಿ ಸಾಕು. ಅದಕ್ಕೆ 12 ವೋಲ್ಟ್ ಪ್ರತ್ಯೇಕ ಅಡಾಪ್ಟರ್ ಬೇಕು, ಯುಎಸ್‌ಬಿಯಿಂದಷ್ಟೇ ಓಡದು. ಕ್ಯಾಮೆರಾ ಬೇರೆಯವರ ಹಿಡಿತದಲ್ಲಿದೆ ಎಂಬ ದೋಷ ಬಂದರೆ ಕರ್ನಲ್‌ನ ಜಿಎಸ್‌ಪಿಸಿಎ_ಕಿನೆಕ್ಟ್ ಮಾಡ್ಯೂಲನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ. ಎರಡು ಕಿನೆಕ್ಟ್ ಒಂದೇ ಯುಎಸ್‌ಬಿ 2 ಬಸ್‌ನಲ್ಲಿ ಹಿಡಿಯವು.

ಎಕ್ಸ್‌ಬಾಕ್ಸ್ ಒನ್‌ನ ಎರಡನೇ ಕಿನೆಕ್ಟ್ ಬೇಡ. ಅದು ಕಚ್ಚಾ ದತ್ತಾಂಶ ಕಳಿಸಿ ಡೆಪ್ತ್ ಲೆಕ್ಕವನ್ನು ಕಂಪ್ಯೂಟರ್ ಮೇಲೆ ಹೊರಿಸುತ್ತದೆ. ಅಜೂರ್ ಕಿನೆಕ್ಟ್ ಕೂಡ ಹಾಗೇ, ಅದರ ಡೆಪ್ತ್ ಎಂಜಿನ್‌ಗೆ ಓಪನ್‌ಜಿಎಲ್ 4.4 ಗ್ರಾಫಿಕ್ಸ್ ಬೆಂಬಲ ಬೇಕು, ಪೈನಲ್ಲಿ ಇಲ್ಲ.

---

ಹೊಸಕೈ:

ಪೈ ಝೀರೋ 2 ಡಬ್ಲ್ಯೂಗೆ ಏನಾದರೂ ಇದೆಯೇ? ಮುಂದೆ ಗೋಡೆ ಇದೆಯೋ ಇಲ್ಲವೋ ಎಂದಷ್ಟೇ ತಿಳಿದರೆ ಸಾಕು.

---

ಬೆಸುಗೆಕೋಲು:

ಅಷ್ಟಕ್ಕೆ ಯುಎಸ್‌ಬಿ ಕ್ಯಾಮೆರಾ ಬೇಡವೇ ಬೇಡ. ಝೀರೋ 2ರಲ್ಲಿ ಇರೋದು 512 ಎಂಬಿ ಮೆಮೊರಿ, ಒಂದೇ ಯುಎಸ್‌ಬಿ 2.

ವಿಎಲ್53ಎಲ್5ಸಿಎಕ್ಸ್ ಅನ್ನೋ ಟೈಮ್ ಆಫ್ ಫ್ಲೈಟ್ (ಬೆಳಕು ಹೋಗಿ ಬರೋ ಸಮಯದಿಂದ ದೂರ ಅಳೆಯೋ) ಚಿಪ್ ನೋಡಿ. 8×8, ಅಂದರೆ 64 ವಲಯದ ದೂರ, 4 ಮೀಟರ್‌ವರೆಗೆ, ಸೆಕೆಂಡಿಗೆ 15 ಸಲ. 4×4 ಸಾಕಾದರೆ 60 ಸಲ. ನಾಲ್ಕು ತಂತಿ: 3.3 ವೋಲ್ಟ್, ಗ್ರೌಂಡ್, ಎಸ್‌ಡಿಎ, ಎಸ್‌ಸಿಎಲ್. ಐ2ಸಿ (ಆ ಎಸ್‌ಡಿಎ, ಎಸ್‌ಸಿಎಲ್ ತಂತಿಗಳ ಬಸ್) ವಿಳಾಸ 0ಎಕ್ಸ್29. ಡೇಟಾಶೀಟ್‌ನಲ್ಲಿ 0ಎಕ್ಸ್52 ಅಂತ ಇದೆ, ಅದು 8 ಬಿಟ್ ರೂಪ, "ಐ2ಸಿಡಿಟೆಕ್ಟ್" ತೋರಿಸೋದು 29ನ್ನೇ, ಗಾಬರಿ ಬೇಡ. ವಿದ್ಯುತ್ ಕೊಟ್ಟಾಗಲೆಲ್ಲ ಇದಕ್ಕೆ ಸುಮಾರು 84 ಕೆಬಿ ಫರ್ಮ್‌ವೇರ್ ತುಂಬಬೇಕು. ಪೈನ ಐ2ಸಿ ಮಾಮೂಲಿ 100 ಕಿಲೋಹರ್ಟ್ಸ್‌ನಲ್ಲಿ ಓಡೋದರಿಂದ ತುಂಬೋದಕ್ಕೇ 7-8 ಸೆಕೆಂಡ್ ಹಿಡಿಯುತ್ತೆ, ಪ್ರೋಗ್ರಾಂ ಸತ್ತೇ ಹೋಯ್ತು ಅನ್ಸುತ್ತೆ. ಕಾನ್ಫಿಗ್ ಫೈಲ್‌ನಲ್ಲಿ ಡಿಟಿಪ್ಯಾರಾಮ್=ಐ2ಸಿ_ಆರ್ಮ್_ಬಾಡ್‌ರೇಟ್=400000 ಹಾಕಿದರೆ ಸುಮಾರು 2 ಸೆಕೆಂಡ್.

ಚಿತ್ರದಂಥದ್ದೇ ಬೇಕು ಅಂದರೆ ಸಿಎಸ್‌ಐ (ಪೈನ ಕ್ಯಾಮೆರಾ ಕನೆಕ್ಟರ್) ರಿಬ್ಬನ್‌ಗೆ ಹಾಕೋ ಆರ್ಡುಕ್ಯಾಮ್ ಟೈಮ್ ಆಫ್ ಫ್ಲೈಟ್ ಕ್ಯಾಮೆರಾ ಇದೆ, 240×180. ಯುಎಸ್‌ಬಿ ಗೊಡವೆಯೇ ಇಲ್ಲ, ಆದರೆ ರಿಬ್ಬನ್ ಅಲ್ಲದೆ ಜಿಪಿಐಒ ಪಿನ್‌ಗಳಿಂದ 5 ವೋಲ್ಟ್ ಬೇರೆ ಕೊಡಬೇಕು. ಝೀರೋ ಮತ್ತು ಪೈ 5ರಲ್ಲಿ 22 ಪಿನ್ ಕನೆಕ್ಟರ್, ಪೈ 4ರಲ್ಲಿ 15 ಪಿನ್. ರಿಬ್ಬನ್ ತಗೊಳ್ಳುವಾಗ ನೋಡಿ ತಗೊಳ್ಳಿ. ಇಂಥ ಎರಡು ಕ್ಯಾಮೆರಾ ಎದುರುಬದುರು ಇದ್ದರೆ ಒಂದರ ಬೆಳಕು ಇನ್ನೊಂದರ ಅಳತೆ ಕೆಡಿಸುತ್ತೆ. ಸ್ಟೀರಿಯೋ ಚುಕ್ಕೆ ಪ್ರೊಜೆಕ್ಟರ್‌ಗಳಿಗೆ ಆ ಕಾಟ ಇಲ್ಲ, ಇನ್ನೊಬ್ಬರ ಚುಕ್ಕೆಯೂ ಅವಕ್ಕೆ ಉಪಯೋಗವೇ.

---

ಚಕ್ರಪಾದ:

ಎರಡು ಕೊನೆಯ ಪ್ರಶ್ನೆ. ಮುಂದೆ ಪೈ 5ಕ್ಕೆ ಹೋದರೆ ವಿದ್ಯುತ್ ವಿಷಯ ಸುಧಾರಿಸುತ್ತದೆಯೇ? ಮತ್ತೆ, ರೋಬೋ ಓಡುವಾಗ ಕ್ಯಾಮೆರಾ ನಿಂತರೆ ತಾನಾಗಿ ಎಬ್ಬಿಸುವುದು ಹೇಗೆ?

---

ಬೆಸುಗೆಕೋಲು:

ಪೈ 5ರಲ್ಲಿ ಎರಡು ಯುಎಸ್‌ಬಿ 3 ಪೋರ್ಟ್‌ಗೂ ಪ್ರತ್ಯೇಕ 5 ಗಿಗಾಬಿಟ್ ಸಿಗುತ್ತೆ, ಆ ಮಟ್ಟಿಗೆ ಲಾಭ. ಕರೆಂಟ್ ವಿಷಯದಲ್ಲಿ ಮಾತ್ರ ಒಂದು ಬಲೆ ಇದೆ. 5 ಆಂಪ್ ಅಡಾಪ್ಟರ್ ಅಂತ ಪಿಡಿ (ಪವರ್ ಡೆಲಿವರಿ, ಅಡಾಪ್ಟರ್-ಬೋರ್ಡ್ ನಡುವಿನ) ಮಾತುಕತೆಯಲ್ಲಿ ಗೊತ್ತಾದರೆ ಮಾತ್ರ ಅದು ಯುಎಸ್‌ಬಿಗೆ 1.6 ಆಂಪ್ ಬಿಡುತ್ತೆ, ಇಲ್ಲದಿದ್ದರೆ ಎಲ್ಲ ಪೋರ್ಟ್ ಸೇರಿ 600 ಮಿಲಿಆಂಪ್. ಬಕ್ ಕನ್ವರ್ಟರ್‌ಗೆ ಪಿಡಿ ಮಾತಾಡೋಕೆ ಬರಲ್ಲ. ಹಾಗಾಗಿ ಪೈ 4ರಲ್ಲಿ ಓಡುತ್ತಿದ್ದ ಕ್ಯಾಮೆರಾ ಪೈ 5ರಲ್ಲಿ ಬೀಳಬಹುದು. ಕನ್ವರ್ಟರ್ ನಿಜಕ್ಕೂ 5 ಆಂಪ್ ಕೊಡೋದಾದರೆ ಕಾನ್ಫಿಗ್‌ನಲ್ಲಿ ಯುಎಸ್‌ಬಿ_ಮ್ಯಾಕ್ಸ್_ಕರೆಂಟ್_ಎನೇಬಲ್=1 ಹಾಕಿ. 3 ಆಂಪ್‌ನದ್ದಕ್ಕೆ ಇದನ್ನ ಹಾಕಿದರೆ ಮಿತಿ ತೆಗೆದಿರಿ ಅಷ್ಟೇ, ಕರೆಂಟ್ ಬರೋದು ಅಷ್ಟೇ ಇರುತ್ತೆ.

---

ಕರ್ನಲ್‌ಕಾಕಾ:

ಎಬ್ಬಿಸೋದಕ್ಕೆ ಮೂರು ಮೆಟ್ಟಿಲು ಇಡ್ರಿ. ವೇಟ್_ಫಾರ್_ಫ್ರೇಮ್ಸ್‌ಗೆ 5000 ಬದಲು 1000 ಕೊಡ್ರಿ, ರೋಬೋ ಐದು ಸೆಕೆಂಡ್ ಕುರುಡಾಗಿ ಓಡಬಾರದು. ಫ್ರೇಮ್ ಬರಲಿಲ್ಲ ಅಂದ ಕೂಡಲೇ ಮೊದಲು ಮೋಟರ್ ನಿಲ್ಲಿಸ್ರಿ. ಆಮೇಲೆ ಪೈಪ್‌ಲೈನ್ ನಿಲ್ಲಿಸಿ ಮತ್ತೆ ಶುರು ಮಾಡ್ರಿ. ಆಗಲೂ ಬರದಿದ್ರೆ ಹಾರ್ಡ್‌ವೇರ್_ರಿಸೆಟ್ ಕರೀರಿ. ಅದನ್ನ ಕರೆದ ಮೇಲೆ ಕ್ಯಾಮೆರಾ ಬಸ್‌ನಿಂದ ಇಳಿದು ಮತ್ತೆ ಹತ್ತತದ, ತಕ್ಷಣ ತೆರೆದ್ರೆ "ಸಾಧನ ಇಲ್ಲ" ಅಂತದ. ಪಟ್ಟಿಯಲ್ಲಿ ಸೀರಿಯಲ್ ನಂಬರ್ ಮತ್ತೆ ಕಾಣೋವರೆಗೂ ಕಾಯ್ರಿ, ಹಳೇ ಡಿವೈಸ್ ಆಬ್ಜೆಕ್ಟ್ ಎಸೆದು ಹೊಸದು ತಗೋರಿ. ಅದೂ ಆಗದಿದ್ರೆ ಪ್ರೋಗ್ರಾಂ ದೋಷದ ಕೋಡ್ ಕೊಟ್ಟು ಸಾಯಲಿ, ಪ್ರೋಗ್ರಾಂ ಎಬ್ಬಿಸೋ ಸಿಸ್ಟಮ್‌ಡಿ ಸೇವೆಯಲ್ಲಿ ರೀಸ್ಟಾರ್ಟ್=ಆನ್-ಫೇಲ್ಯೂರ್, ರೀಸ್ಟಾರ್ಟ್‌ಸೆಕ್=5 ಇರಲಿ.

---

ಚಕ್ರಪಾದ:

ಯುಎಚ್‌ಯುಬಿಸಿಟಿಎಲ್ ಎಂಬ ಪ್ರೋಗ್ರಾಂ ಬಳಸಿ ಪೋರ್ಟ್‌ನ ವಿದ್ಯುತ್ತನ್ನೇ ಕತ್ತರಿಸಿ ಕೊಡಬಹುದಲ್ಲ?

---

ಕರ್ನಲ್‌ಕಾಕಾ:

ಪೈ 4ರಲ್ಲಿ ನಾಲ್ಕೂ ಪೋರ್ಟ್‌ನ ವಿದ್ಯುತ್ ಒಟ್ಟಿಗೇ ಹೋಗ್ತದ. ನಿಮ್ಮ ಬೂಟ್ ಎಸ್‌ಎಸ್‌ಡಿ ಪಕ್ಕದ ಪೋರ್ಟ್‌ನಾಗೇ ಐತಿ. ಕ್ಯಾಮೆರಾನ ಪೋರ್ಟ್‌ವಾರು ಸ್ವಿಚ್ ಇರೋ ಹಬ್‌ಗೆ ಹಾಕಿದ್ರೆ ಮಾತ್ರ ಆ ಆಟ ಆಡ್ರಿ.